ಗೋಲಿನ ಮುಂದಿನ ಮನೆ: ಐಸ್ ಹಾಕಿಯ ರಕ್ಷಣಾ ವಲಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಕಾರವಾರದ ಸಿಮೆಂಟು ಅಂಗಳದಲ್ಲಿ ಚಕ್ರದ ಬೂಟು ಕಟ್ಟಿಕೊಂಡು ಹಾಕಿ ಆಡುವ ಮಕ್ಕಳು, ಅವರನ್ನು ಕರೆದುಕೊಂಡು ಬರುವ ತಂದೆತಾಯಿಯರು, ಶಿರಸಿ ಕುಮಟಾ ಕಡೆಯಿಂದ ಫೋನು ಮಾಡುವ ಯುವಕರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಗೋಲು ಹೊಡೆಯುವುದು ಹೇಗೆ ಎಂದು ಕೇಳುವವರೇ ಹೆಚ್ಚು. ಗೋಲು ಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳುವವರು ನಾಲ್ಕೈದು ಮಂದಿ ಇದ್ದಾರು, ಆದರೆ ಅವರು ಬಿಡದೆ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಕಡಲ ತಡಿಯ ಊರಿನವರಿಗೆ ಮಂಜುಗಡ್ಡೆಯ ಮೇಲಿನ ಆಟ ಯಾಕೆ?

ನಾನು ಸೇನೆಯಲ್ಲಿದ್ದಾಗ ಲೇಹ್‌ನಲ್ಲಿ ಎರಡು ಚಳಿಗಾಲ ಕಳೆದೆ. ಅಲ್ಲಿ ಕಾರ್ಜೂ ಎಂಬ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಊರಿಗೆ ಊರೇ ಬಂದು ಅದರ ಮೇಲೆ ಹಾಕಿ ಆಡುತ್ತದೆ. ನಾನು ಆಟ ಕಲಿತದ್ದು ಅಲ್ಲಿ. ಭಾರತ 1989ರಿಂದ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ ರಾಷ್ಟ್ರ. ಇದು ನಮಗೆ ಸಂಬಂಧವೇ ಇಲ್ಲದ ಆಟವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕ, ಕೆನಡಾಗಳ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಪಂದ್ಯಗಳು ಅಲ್ಲಿ ರಾತ್ರಿ ನಡೆಯುವಾಗ ಇಲ್ಲಿ ಬೆಳಗಿನ ಜಾವ. ಬೈತಖೋಲದ ಬಂದರಿನಲ್ಲಿ ದೋಣಿಗಳ ಸದ್ದು ಏಳುವ ಹೊತ್ತಿಗೆ ನಮ್ಮ ಹುಡುಗರು ಮೊಬೈಲ್ ಹಿಡಿದು ಪಂದ್ಯ ನೋಡುತ್ತಿರುತ್ತಾರೆ. ನೋಡಿದ್ದನ್ನು ಸಂಜೆ ಅಂಗಳದಲ್ಲಿ ಮಾಡಲು ಹೋಗುತ್ತಾರೆ. ಪ್ರಶ್ನೆಗಳು ಅಲ್ಲಿಂದ ಶುರುವಾಗುತ್ತವೆ.

ರಕ್ಷಣಾ ವಲಯ ಎಂದರೆ ಎಷ್ಟು ಜಾಗ?

ಎನ್‌ಎಚ್‌ಎಲ್ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಎರಡು ನೀಲಿ ಗೆರೆಗಳು ಅದನ್ನು ಮೂರು ಭಾಗ ಮಾಡುತ್ತವೆ. ನಮ್ಮ ಗೋಲಿನ ಹಿಂದಿನ ಹಲಗೆಗೋಡೆಯಿಂದ ನಮ್ಮ ಕಡೆಯ ನೀಲಿ ಗೆರೆಯವರೆಗಿನ 75 ಅಡಿ ನಮ್ಮ ರಕ್ಷಣಾ ವಲಯ. ಅಂಕಿ ಕೇಳಿದರೆ ಅಂದಾಜು ಸಿಗುವುದಿಲ್ಲ, ಆದ್ದರಿಂದ ಹೀಗೆ ಲೆಕ್ಕ ಹಾಕಿ: ಪುರುಷರ ಕಬಡ್ಡಿ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂಥ ನಾಲ್ಕು ಅಂಗಳಗಳನ್ನು ಹಾಸಿದರೂ ಈ ವಲಯ ಪೂರ್ತಿ ಮುಚ್ಚುವುದಿಲ್ಲ. ಕಬಡ್ಡಿಯಲ್ಲಿ ಅರ್ಧ ಅಂಗಳವನ್ನು ಏಳು ಜನ ಕಾಯುತ್ತಾರೆ. ಇಲ್ಲಿ ಅಷ್ಟು ದೊಡ್ಡ ಬಯಲನ್ನು ಕಾಯಲು ಗೋಲ್‌ಕೀಪರ್ ಬಿಟ್ಟರೆ ಐದೇ ಜನ: ಇಬ್ಬರು ಡಿಫೆನ್ಸ್ ಆಟಗಾರರು, ನಡುವೆ ಆಡುವ ಸೆಂಟರ್, ಎರಡು ಬದಿಯ ಇಬ್ಬರು ವಿಂಗರುಗಳು. ಎದುರಿಗೆ ಬರುವ ಐವರು ಗಾಳಿಯಂತೆ ಜಾರಿ ಬರುತ್ತಾರೆ.

ಇನ್ನೊಂದು ವಿಷಯ ಫುಟ್‌ಬಾಲ್ ಬಲ್ಲವರನ್ನೂ ಗಲಿಬಿಲಿಗೊಳಿಸುತ್ತದೆ. ಗೋಲಿನ ಗೆರೆಗೂ ಹಿಂದಿನ ಗೋಡೆಗೂ ನಡುವೆ 11 ಅಡಿ ಜಾಗವಿದೆ, ಆಟ ಅಲ್ಲಿಯೂ ನಡೆಯುತ್ತದೆ. ಎದುರಾಳಿ ನಮ್ಮ ಗೋಲಿನ ಹಿಂದೆ ಪಕ್ (ಚೆಂಡಿನ ಬದಲು ಆಡುವ ರಬ್ಬರಿನ ಬಿಲ್ಲೆ) ಹಿಡಿದು ನಿಂತರೆ ನಾವು ಅತ್ತ ಮುಖ ಮಾಡಬೇಕು, ಅಪಾಯ ಮಾತ್ರ ನಮ್ಮ ಬೆನ್ನ ಹಿಂದೆ ಇರುತ್ತದೆ. ಈ ಆಟದ ರಕ್ಷಣೆ ಕಷ್ಟವಾಗುವುದು ಮುಖ್ಯವಾಗಿ ಇದರಿಂದ.

ಪಕ್ ಎಲ್ಲಿದೆಯೋ ಅಲ್ಲಿಗೆ ಓಡಿ ಕಸಿದುಕೊಂಡರೆ ಆಯಿತಲ್ಲವೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಒಬ್ಬ ಓಡಬೇಕು, ಐವರೂ ಓಡಬಾರದು. ನನಗೆ ಇದು ಅರ್ಥವಾದದ್ದು ಒಂದು ಗೋಲು ಬಿಟ್ಟ ಮೇಲೆ. ಕಾರ್ಜೂವಿನ ಮಂಜಿನ ಮೇಲೆ ಎದುರು ತಂಡದವನೊಬ್ಬ ಎಡ ಮೂಲೆಯಲ್ಲಿ ಪಕ್ ಹಿಡಿದುಕೊಂಡಿದ್ದ. ನನ್ನ ಜೊತೆಗಾರ ಅವನನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಅಷ್ಟು ಸಾಕಿತ್ತು. ನಾನು ಗೋಲಿನ ಮುಂದೆ ನಿಲ್ಲಬೇಕಾದವನು, ಆಸೆ ತಡೆಯದೆ ಅಲ್ಲಿಗೆ ಹೋದೆ. ನಮ್ಮ ಸೆಂಟರ್ ಕೂಡ ಬಂದ. ಮೂರು ಕೋಲುಗಳು ಒಂದು ಪಕ್ಕಿಗೆ ಬಡಿದಾಡುತ್ತಿದ್ದವು. ಪಕ್ ನಮ್ಮ ಕಾಲುಗಳ ನಡುವಿನಿಂದ ಜಾರಿ ಹೊರಗೆ ಹೋಯಿತು. ತಿರುಗಿ ನೋಡಿದರೆ ಗೋಲಿನ ಮುಂದೆ ಎದುರಾಳಿಯೊಬ್ಬ ಒಬ್ಬನೇ ನಿಂತಿದ್ದ. ಅವನು ಅವಸರ ಕೂಡ ಮಾಡಲಿಲ್ಲ.

ಆಟ ಮುಗಿದ ಮೇಲೆ ತಂಡದ ಹಿರಿಯ ಲಡಾಖಿ ಆಟಗಾರರು ನನ್ನನ್ನು ಗೋಲಿನ ಹತ್ತಿರ ಕರೆದರು. ಕೋಲಿನ ತುದಿಯಿಂದ ಮಂಜಿನ ಮೇಲೆ ಗೀರಿದರು. ಎರಡು ಗೋಲುಕಂಬಗಳಿಂದ ಎರಡು ಬದಿಯಲ್ಲಿ ಬರೆದಿರುವ ದೊಡ್ಡ ವೃತ್ತಗಳ ನಡುವಿನ ಚುಕ್ಕೆಗಳಿಗೆ ಓರೆಯಾಗಿ ಎರಡು ಗೆರೆ. ಅಲ್ಲಿಂದ ಆ ವೃತ್ತಗಳ ತುದಿಯವರೆಗೆ ನೇರ ಎರಡು ಗೆರೆ. ಮೇಲೆ ಅಡ್ಡವಾಗಿ ಒಂದು. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಮನೆಯ ಹಾಗೆ ಕಾಣುತ್ತಿತ್ತು. "ಇದು ಮನೆ. ನಿನ್ನ ಕೆಲಸ ಇದರೊಳಗೆ" ಎಂದರು. ಬೇರೆ ಮಾತಿಲ್ಲ.

ಆಟ ಬಲ್ಲವರು ಜಗತ್ತಿನಾದ್ಯಂತ ಅದನ್ನು ಮನೆ ಎಂದೇ ಕರೆಯುತ್ತಾರೆ ಎಂದು ಆಮೇಲೆ ತಿಳಿಯಿತು. ಬಹುಪಾಲು ಗೋಲುಗಳು ಬೀಳುವುದು ಅದರೊಳಗಿನ ಹೊಡೆತಗಳಿಂದ. ಮೂಲೆಯಿಂದ ನೋಡಿದರೆ 6 ಅಡಿ ಅಗಲದ ಗೋಲು ಕಿಂಡಿಯಷ್ಟೇ ಕಾಣುತ್ತದೆ, ಆ ಕಿಂಡಿಯಲ್ಲೂ ಗೋಲ್‌ಕೀಪರ್ ತುಂಬಿ ನಿಂತಿರುತ್ತಾನೆ. ಕಾಳಿ ನದಿಯ ಹಿನ್ನೀರಿನಲ್ಲಿ ಮೀನು ಎಲ್ಲೆಲ್ಲಿಯೋ ತಿರುಗಾಡಲಿ, ಕಡಲಿಗೆ ಇಳಿಯಬೇಕಾದರೆ ಅಳಿವೆಗೆ ಬರಲೇಬೇಕು. ಪಕ್ಕಿಗೂ ಹಾಗೆಯೇ. ಅಳಿವೆಯನ್ನು ಬಿಟ್ಟು ಹಿನ್ನೀರಿನಲ್ಲೆಲ್ಲ ಬಲೆ ಎಳೆಯುತ್ತ ಹೋದವನು ದಣಿಯುತ್ತಾನೆ.

ಆದ್ದರಿಂದ ಒಬ್ಬನು ಪಕ್ಕಿನ ಮೇಲೆ, ಒಬ್ಬನು ಅವನ ಬೆನ್ನಿಗೆ, ಉಳಿದ ಮೂವರು ಮನೆಯತ್ತ. ಪಕ್ಕಿನ ಮೇಲೆ ಹೋಗುವವನೂ ಕಸಿಯುವ ಹಟಕ್ಕೆ ಬೀಳಬಾರದು. ಎದುರಾಳಿಗೂ ನಮ್ಮ ಗೋಲಿಗೂ ನಡುವೆ ತನ್ನ ಮೈಯನ್ನು ಇಟ್ಟುಕೊಂಡು, ಕೋಲನ್ನು ಪಕ್ಕಿನ ದಾರಿಗೆ ಚಾಚಿ, ಅವನನ್ನು ಹೊರಕ್ಕೆ, ಗೋಡೆಯತ್ತ ದಬ್ಬುತ್ತ ಹೋಗಬೇಕು. ಹಲಗೆಗೋಡೆ ನಮ್ಮವನೇ. ಅದು ದಣಿಯುವುದಿಲ್ಲ, ಮೋಸ ಹೋಗುವುದಿಲ್ಲ.

ಐವರಲ್ಲಿ ಯಾರು ಎಲ್ಲಿ ನಿಲ್ಲಬೇಕು?

ಪಕ್ ನಮ್ಮ ಎಡ ಮೂಲೆಯಲ್ಲಿದೆ ಎಂದುಕೊಳ್ಳಿ. ಎಡಗಡೆಯ ಡಿಫೆನ್ಸ್ ಆಟಗಾರ ಅಲ್ಲಿಗೆ ಹೋಗುತ್ತಾನೆ. ಬಲಗಡೆಯವನು ಗೋಲಿನ ಮುಂದೆ ನಿಲ್ಲುತ್ತಾನೆ, ಏನೇ ಆದರೂ ಕದಲುವುದಿಲ್ಲ. ಸೆಂಟರ್ ಇವರಿಬ್ಬರ ನಡುವೆ, ಮೂಲೆಯಿಂದ ಪಕ್ ಜಾರಿದರೆ ಹಿಡಿಯುವಷ್ಟು ಹತ್ತಿರದಲ್ಲಿ ಇರುತ್ತಾನೆ. ಎಡ ವಿಂಗರ್ ನೀಲಿ ಗೆರೆಯ ಬಳಿ ನಿಂತ ಎದುರಾಳಿಗೆ ಪಕ್ ಹೋಗುವ ದಾರಿಯಲ್ಲಿ ನಿಲ್ಲುತ್ತಾನೆ. ಬಲ ವಿಂಗರ್ ತನ್ನ ಕಡೆಯ ನೀಲಿ ಗೆರೆಯನ್ನು ಬಿಟ್ಟು ಒಳಗೆ ಇಳಿದು ಮನೆಯ ಮೇಲ್ಭಾಗವನ್ನು ಕಾಯುತ್ತಾನೆ.

ಹೊಸಬರು ತಪ್ಪುವುದು ಈ ಕೊನೆಯವನ ಜಾಗದಲ್ಲಿ. ದೂರದ ವಿಂಗರಿಗೆ ತನ್ನ ಕಡೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಅವನು ನೀಲಿ ಗೆರೆಯ ಹತ್ತಿರ ನಿಂತು, ಪಕ್ ಸಿಕ್ಕಿದರೆ ಮುಂದಕ್ಕೆ ಓಡಲು ಕಾಯುತ್ತಿರುತ್ತಾನೆ. ಅವನು ಬಿಟ್ಟ ಜಾಗಕ್ಕೆ ಎದುರಾಳಿ ಮೆಲ್ಲಗೆ ಬಂದು ನಿಲ್ಲುತ್ತಾನೆ. ಗೋಲು ಬಿದ್ದಾಗ ಎಲ್ಲರೂ ಡಿಫೆನ್ಸ್ ಆಟಗಾರನನ್ನು ಬೈಯುತ್ತಾರೆ. ನಾನು ವಿಂಗರನ ಹತ್ತಿರ ಹೋಗಿ ಮಾತಾಡುತ್ತೇನೆ.

ಪಕ್ ಗೋಲಿನ ಹಿಂದಿನಿಂದ ಬಲ ಮೂಲೆಗೆ ಹೋದರೆ ಎಲ್ಲರ ಕೆಲಸವೂ ಅದಲುಬದಲಾಗುತ್ತದೆ. ಗೋಲಿನ ಮುಂದಿದ್ದವನು ಮೂಲೆಗೆ, ಮೂಲೆಯಲ್ಲಿದ್ದವನು ಗೋಲಿನ ಮುಂದೆ. ಆ ಎರಡು ಸೆಕೆಂಡಿನಲ್ಲಿ ಮಾತು ಬೇಕು. ನಮ್ಮ ಅಂಗಳದಲ್ಲಿ ಒಬ್ಬ ಕೊಂಕಣಿಯಲ್ಲಿ ಕೂಗುತ್ತಿದ್ದ, ಇನ್ನೊಬ್ಬ ಕನ್ನಡದಲ್ಲಿ, ಮೂರನೆಯವನು ಹಿಂದಿಯಲ್ಲಿ. ಮಾತು ತಲುಪುವಷ್ಟರಲ್ಲಿ ಪಕ್ ದಾಟಿರುತ್ತಿತ್ತು. ಕೊನೆಗೆ ಮಕ್ಕಳೇ ಕುಳಿತು ಮೂರು ಮಾತು ಆರಿಸಿಕೊಂಡರು: "ನಂದು", "ಬಿಡು", "ಹಿಂದೆ". ಇಷ್ಟರಲ್ಲಿ ಆಟ ನಡೆಯುತ್ತದೆ.

ಪ್ರತಿಯೊಬ್ಬನೂ ಒಂದು ಜಾಗ ಕಾಯಬೇಕೋ, ಒಬ್ಬ ಎದುರಾಳಿಯನ್ನು ಕಾಯಬೇಕೋ?

ಎರಡೂ ಪದ್ಧತಿಗಳಿವೆ. ಜಾಗ ಕಾಯುವ ಪದ್ಧತಿಯಲ್ಲಿ ನನ್ನ ಪಾಲಿಗೆ ಬಂದ ಪ್ರದೇಶಕ್ಕೆ ಯಾರು ಬಂದರೂ ಅವರು ನನ್ನವರು. ಅವರು ದಾಟಿ ಹೋದರೆ ಪಕ್ಕದವನಿಗೆ ಒಪ್ಪಿಸುತ್ತೇನೆ. ದಣಿವು ಕಡಿಮೆ, ಗೋಲಿನ ಮುಂದೆ ಸದಾ ಜನ ಇರುತ್ತಾರೆ. ತೊಂದರೆ ಬರುವುದು ಇಬ್ಬರ ಪ್ರದೇಶಗಳು ಕೂಡುವಲ್ಲಿ. ಅಲ್ಲಿ ನಿಂತ ಎದುರಾಳಿಯನ್ನು ಅವನು ನೋಡಿಕೊಳ್ಳುತ್ತಾನೆ ಎಂದು ಇವನು, ಇವನು ನೋಡಿಕೊಳ್ಳುತ್ತಾನೆ ಎಂದು ಅವನು ಸುಮ್ಮನಿರುತ್ತಾರೆ.

ಆಳಿಗೆ ಆಳು ಎಂಬ ಪದ್ಧತಿಯಲ್ಲಿ ಗೊಂದಲವಿಲ್ಲ: ನನ್ನವನು ಎಲ್ಲಿಗೆ ಹೋದರೂ ನಾನು ಹೋಗುತ್ತೇನೆ. ಎದುರಾಳಿಗೆ ಉಸಿರಾಡಲು ಬಿಡುವಿರುವುದಿಲ್ಲ. ಆದರೆ ಒಬ್ಬ ಜಾರಿ ಬಿದ್ದರೆ ಸಾಕು, ಅವನ ಆಳು ಬಿಡುವಾದ. ಅವನನ್ನು ಹಿಡಿಯಲು ಇನ್ನೊಬ್ಬ ತನ್ನ ಆಳನ್ನು ಬಿಡಬೇಕು. ಹಾಗೆ ಸರಪಳಿ ಕಳಚುತ್ತದೆ. ಚತುರ ತಂಡಗಳು ಬೇಕೆಂದೇ ಸುತ್ತಿ ಸುತ್ತಿ ನಮ್ಮ ಡಿಫೆನ್ಸ್ ಆಟಗಾರನನ್ನು ನೀಲಿ ಗೆರೆಯವರೆಗೆ ಎಳೆದೊಯ್ಯುತ್ತವೆ.

ಇವೆರಡರ ಮಿಶ್ರಣವೇ ನನಗೆ ಸರಿ ಕಾಣುತ್ತದೆ. ವೃತ್ತಗಳಿಂದ ಕೆಳಗೆ, ಗೋಲಿನ ಸುತ್ತ, ಇಬ್ಬರು ಡಿಫೆನ್ಸ್ ಆಟಗಾರರು ಮತ್ತು ಸೆಂಟರ್ ಆಳಿಗೆ ಆಳು. ಮೇಲೆ ಇಬ್ಬರು ವಿಂಗರುಗಳು ಜಾಗ ಕಾಯಲಿ. ಇದಲ್ಲದೆ ಐವರೂ ಮನೆಯೊಳಗೆ ಕುಗ್ಗಿ ನಿಂತು ದೂರದ ಹೊಡೆತವನ್ನು ಎದುರಾಳಿಗೆ ಬಿಟ್ಟುಕೊಡುವ ಪದ್ಧತಿಯೂ ಉಂಟು. ಮುನ್ನಡೆ ಉಳಿಸಿಕೊಳ್ಳಲು ಕೊನೆಯ ನಿಮಿಷಗಳಲ್ಲಿ ಅದು ಒಳ್ಳೆಯದು. ಇಡೀ ಪಂದ್ಯ ಹಾಗೆ ಆಡಿದರೆ ಪಕ್ ನಮ್ಮ ವಲಯದಿಂದ ಹೊರಗೇ ಹೋಗುವುದಿಲ್ಲ, ಮತ್ತು ನಮ್ಮವರೇ ಗೋಲ್‌ಕೀಪರನ ಕಣ್ಣಿಗೆ ಅಡ್ಡ ನಿಂತಿರುತ್ತಾರೆ.

ಗೋಲ್‌ಕೀಪರ್ ಚೆನ್ನಾಗಿದ್ದರೆ ಇಷ್ಟೆಲ್ಲ ಯಾಕೆ?

ಒಳ್ಳೆಯ ಗೋಲ್‌ಕೀಪರ್ ತಾನು ಕಂಡ ಹೊಡೆತವನ್ನು ಬಹಳ ಸಲ ತಡೆಯುತ್ತಾನೆ. ಅವನು ಸೋಲುವುದು ಕಾಣದ ಹೊಡೆತಕ್ಕೆ, ಮತ್ತು ಅಡ್ಡಡ್ಡ ಸರಿಯಬೇಕಾಗಿ ಬಂದ ಹೊಡೆತಕ್ಕೆ. ಅಂಗಳವನ್ನು ಉದ್ದಕ್ಕೆ ಎರಡಾಗಿ ಸೀಳುವ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿ. ಗೋಲಿನ ಮುಂದೆ ಆ ಗೆರೆಯನ್ನು ದಾಟಿ ಪಕ್ ಹೋಯಿತೆಂದರೆ ಅವನು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಮೈ ತಳ್ಳಿಕೊಂಡು ಹೋಗಬೇಕು. ಆಗ ಕಾಲುಗಳ ನಡುವೆ, ತೋಳಿನ ಕೆಳಗೆ ಜಾಗ ತೆರೆಯುತ್ತದೆ. ಆದ್ದರಿಂದ ಡಿಫೆನ್ಸ್ ಆಟಗಾರನ ಮತ್ತು ಗೋಲ್‌ಕೀಪರನ ನಡುವೆ ಒಂದು ಒಪ್ಪಂದವಿರಬೇಕು: ಹೊಡೆತವನ್ನು ನೀನು ನೋಡಿಕೋ, ಅಡ್ಡ ಪಾಸನ್ನು ನಾನು ನೋಡಿಕೊಳ್ಳುತ್ತೇನೆ. ತಡೆದ ಪಕ್ ಮುಂದೆ ಬಿದ್ದರೆ ಅದನ್ನು ಗುಡಿಸಿ ಮೂಲೆಗೆ ಕಳಿಸುವುದೂ ನಮ್ಮ ಪಾಲಿನದೇ.

ಹೊಡೆತಕ್ಕೆ ಮೈಯೊಡ್ಡಬೇಕೇ?

ಮಕ್ಕಳು ಬೇಡ. ಪಕ್ ಗಟ್ಟಿ ರಬ್ಬರಿನದು, 3 ಅಂಗುಲ ವ್ಯಾಸ, 1 ಅಂಗುಲ ದಪ್ಪ. ಪುಟಿಯಬಾರದೆಂದು ಅದನ್ನು ಆಟಕ್ಕೆ ಮೊದಲು ಹೆಪ್ಪುಗಟ್ಟಿಸುತ್ತಾರೆ. ಪೂರ್ತಿ ರಕ್ಷಾಕವಚ ತೊಟ್ಟ ದೊಡ್ಡವರು ಹೊಡೆತದ ದಾರಿಯಲ್ಲಿ ನಿಲ್ಲುತ್ತಾರೆ. ಅವರೂ ಮಲಗುವುದಕ್ಕಿಂತ ನಿಂತೇ ದಾರಿ ಕಟ್ಟುವುದು ಲೇಸು, ಏಕೆಂದರೆ ಮಲಗಿದವನನ್ನು ಸುತ್ತು ಹಾಕಿ ಹೋಗುವುದು ಸುಲಭ. ಕೋಲು ಸರಿಯಾದ ಜಾಗದಲ್ಲಿದ್ದರೆ ಮೈಯೊಡ್ಡುವ ಸಂದರ್ಭವೇ ಕಡಿಮೆ.

ಪಕ್ ನಮ್ಮ ಕೈಗೆ ಬಂತು. ಈಗ?

ರಕ್ಷಣೆ ಇನ್ನೂ ಮುಗಿದಿಲ್ಲ. ನೀಲಿ ಗೆರೆ ದಾಟುವವರೆಗೂ ಮುಗಿಯುವುದಿಲ್ಲ. ನಾನು ನೋಡಿದ ಕೆಟ್ಟ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪಕ್ ಕಸಿದುಕೊಂಡ ಮರುಕ್ಷಣದಲ್ಲಿ ಬಿದ್ದವು. ಕಸಿದವನು ಗಾಬರಿಯಲ್ಲಿ ಪಕ್ಕನ್ನು ಮನೆಯ ನಡುವಿನಿಂದಲೇ ಮುಂದಕ್ಕೆ ತಳ್ಳುತ್ತಾನೆ, ಅದು ಎದುರಾಳಿಯ ಕೋಲಿಗೆ ಹೋಗುತ್ತದೆ.

ಮೊದಲ ದಾರಿ ಗೋಡೆಯ ಪಕ್ಕದ್ದು. ವಿಂಗರ್ ಗೋಡೆಗೆ ಒತ್ತಿಕೊಂಡು, ಪಕ್ಕಿಗೆ ಎದೆ ಕೊಟ್ಟು ನಿಂತಿರಬೇಕು. ಸೆಂಟರ್ ಕೆಳಗಿನಿಂದ ಸುತ್ತಿಕೊಂಡು ಬಂದು ಅವನ ಹತ್ತಿರ ಬರಬೇಕು. ಆ ದಾರಿ ಮುಚ್ಚಿದ್ದರೆ ಡಿಫೆನ್ಸ್ ಆಟಗಾರ ಗೋಲಿನ ಹಿಂದಿನಿಂದ ಜೊತೆಗಾರನಿಗೆ ಪಕ್ ದಾಟಿಸಿ ಇನ್ನೊಂದು ಬದಿಯಿಂದ ಹೊರಡಬೇಕು. ಪಕ್ ಹಿಡಿಯುವ ಮೊದಲೇ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುವ ಅಭ್ಯಾಸ ಬೇಕು.

ಎರಡೂ ಆಗದಿದ್ದರೆ ದೂರಕ್ಕೆ ಎಸೆಯಬಹುದೇ? ಎಸೆಯಬಹುದು, ಆದರೆ ಬೆಲೆ ತೆರಬೇಕಾಗುತ್ತದೆ. ನಡುಗೆರೆಯ ಈಚೆಯಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಿನ ಗೋಲುಗೆರೆ ದಾಟಿದರೆ ಅದು ಐಸಿಂಗ್. ಆಟ ಮತ್ತೆ ನಮ್ಮ ವಲಯದಲ್ಲೇ ಶುರುವಾಗುತ್ತದೆ. ಎನ್‌ಎಚ್‌ಎಲ್‌ನಲ್ಲಿ 2005ರಿಂದ ಆಗ ದಣಿದ ಆಟಗಾರರನ್ನು ಬದಲಾಯಿಸುವಂತೆಯೂ ಇಲ್ಲ. ನಮ್ಮ ವಲಯದಿಂದ ಪಕ್ಕನ್ನು ನೇರವಾಗಿ ಗಾಜಿನ ಗೋಡೆಯ ಮೇಲಿಂದ ಹೊರಗೆ ಹಾರಿಸಿದರೆ 2 ನಿಮಿಷದ ದಂಡನೆ.

ನಮ್ಮವನೊಬ್ಬ ದಂಡನೆಗೆ ಹೋಗಿ ನಾಲ್ಕೇ ಜನ ಉಳಿದರೆ?

ನಾಲ್ವರು ಚೌಕವಾಗಿ ನಿಲ್ಲುತ್ತಾರೆ: ಕೆಳಗೆ ಇಬ್ಬರು, ಮೇಲೆ ಇಬ್ಬರು. ಪಕ್ ಹೊರಗಡೆ ಸುತ್ತಲಿ, ಚೌಕದೊಳಗೆ ಬರಬಾರದು. ಎದುರಾಳಿ ಒಬ್ಬನನ್ನು ಮೇಲೆ, ಮೂವರನ್ನು ನಡುವೆ ಸಾಲಾಗಿ, ಒಬ್ಬನನ್ನು ಗೋಲಿನ ಮುಂದೆ ನಿಲ್ಲಿಸಿದರೆ ಚೌಕವನ್ನು ವಜ್ರದಾಕಾರಕ್ಕೆ ತಿರುಗಿಸುವವರಿದ್ದಾರೆ. ಒಬ್ಬ ಮುಂದೆ ಹೋಗಿ ಒತ್ತಡ ಹಾಕುತ್ತ, ಮೂವರು ತ್ರಿಕೋನವಾಗಿ ಮನೆ ಕಾಯುವುದೂ ಉಂಟು. ಎನ್‌ಎಚ್‌ಎಲ್‌ನಲ್ಲಿ ಈ ಹೊತ್ತಿನಲ್ಲಿ ಐಸಿಂಗ್ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಪಕ್ ಸಿಕ್ಕಿದರೆ ಯೋಚನೆ ಬೇಡ, ಅಂಗಳದ ಆ ಕೊನೆಗೆ ಕಳಿಸಿ.

ಎರಡನೇ ಅವಧಿಯಲ್ಲೇ ನಮ್ಮ ತಂಡ ಕುಸಿಯುತ್ತದೆ. ಯಾಕೆ?

ಶಿರಸಿಯ ಯುವಕನೊಬ್ಬ ಪಂದ್ಯಗಳನ್ನು ನೋಡಿ ನೋಡಿ ಕೇಳಿದ ಪ್ರಶ್ನೆ, ಬಹಳ ಒಳ್ಳೆಯ ಪ್ರಶ್ನೆ. ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ಒಂದು ಸಲಕ್ಕೆ ಸುಮಾರು 45 ಸೆಕೆಂಡು ಮಾತ್ರ ಆಡಿ ಬೆಂಚಿಗೆ ಮರಳುತ್ತಾನೆ, ಆಟ ನಡೆಯುತ್ತಿರುವಾಗಲೇ. ಪಂದ್ಯಕ್ಕೆ ಮೂರು ಅವಧಿ; ಪ್ರತಿ ಅವಧಿಗೂ ತಂಡಗಳು ಬದಿ ಬದಲಿಸುವುದರಿಂದ ಎರಡನೇ ಅವಧಿಯಲ್ಲಿ ನಮ್ಮ ಬೆಂಚು ನಮ್ಮ ಗೋಲಿನಿಂದ ದೂರವಾಗುತ್ತದೆ. ನಮ್ಮ ವಲಯದಲ್ಲಿ ಸಿಕ್ಕಿಹಾಕಿಕೊಂಡವರು ಬದಲಾಗಲು ಹೋಗಲಾರರು. ಒಂದು ನಿಮಿಷ ದಾಟಿದ ಕಾಲುಗಳು ಸರಿಯುವುದಿಲ್ಲ; ಕಣ್ಣು ಕಂಡದ್ದನ್ನು ಕೋಲು ತಲುಪುವುದಿಲ್ಲ. ಆ ಅವಧಿಯಲ್ಲಿ ಚೆಂದದ ಪಾಸಿಗಿಂತ ನೀಲಿ ಗೆರೆ ದಾಟಿದ ಪಕ್ ದೊಡ್ಡದು.

ಟ್ರ್ಯಾಪ್ ಎನ್ನುವುದು ಇದೇ ಏನು?

ಅಲ್ಲ. ಟ್ರ್ಯಾಪ್ ನಡು ವಲಯದ ತಂತ್ರ. ಎದುರಾಳಿ ನಮ್ಮ ವಲಯಕ್ಕೆ ಬರುವ ಮೊದಲೇ ದಾರಿ ಮುಚ್ಚುವುದು. ನ್ಯೂಜೆರ್ಸಿ ಡೆವಿಲ್ಸ್ ತಂಡ ತರಬೇತುದಾರ ಜಾಕ್ ಲೆಮೇರ್ ಅವರ ಕೈಯಲ್ಲಿ ಇದನ್ನು ಆಡಿಯೇ 1995ರಲ್ಲಿ ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡವನ್ನು 4–0 ಪಂದ್ಯಗಳಿಂದ ಸೋಲಿಸಿತು.

ಹುಡುಗಿಯರಿಗೆ ಆಗುತ್ತದೆಯೇ?

ಭಾರತದ ಮಹಿಳಾ ತಂಡ 2025ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದು ಬಂದಿದೆ. ನಮ್ಮ ಅಂಗಳದಲ್ಲಿ ಗೋಲಿನ ಮುಂದೆ ನಿಂತು ಕದಲದವಳು ಹತ್ತನೇ ತರಗತಿಯ ಹುಡುಗಿ. ದಯವಿಟ್ಟು ಕಳಿಸಿ.

ಚಕ್ರದ ಮೇಲೆ, ಮಂಜುಗಡ್ಡೆ ಇಲ್ಲದೆ, ಇದನ್ನು ಕಲಿಯುವುದು ಹೇಗೆ?

ಇನ್‌ಲೈನ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ನಾಲ್ವರು. ಹಾಗಾಗಿ ಮೇಲೆ ಹೇಳಿದ ಇಬ್ಬರು ವಿಂಗರುಗಳ ಕೆಲಸ ಒಬ್ಬನಿಗೆ ಬರುತ್ತದೆ. ಮನೆ ಮಾತ್ರ ಹಾಗೆಯೇ ಇರುತ್ತದೆ.

ನಾವು ಮಾಡುವುದು ಹೀಗೆ. ಆಟಕ್ಕೆ ಮೊದಲು ಶೇಡಿಮಣ್ಣು ಕಲಸಿ, ಅಜ್ಜಿಯರು ಹಬ್ಬಕ್ಕೆ ಗೋಡೆಯ ಮೇಲೆ ಬರೆಯುವ ಹಾಗೆ, ಬಟ್ಟೆಯ ಉಂಡೆಯಿಂದ ಸಿಮೆಂಟಿನ ಮೇಲೆ ಮನೆಯ ಗೆರೆಗಳನ್ನು ಎಳೆಯುತ್ತೇವೆ. ಎರಡು ಮೂಲೆಗಳಲ್ಲಿ ಒಂದೊಂದು ವೃತ್ತ ಬರೆಯುತ್ತೇವೆ. ಮೊದಲ ಹತ್ತು ನಿಮಿಷ ಕೋಲನ್ನು ತಿರುಗಿಸಿ ಹಿಡಿದು ಆಡಬೇಕು, ಹಿಡಿಕೆ ಕೆಳಗೆ. ಕೋಲಿನಿಂದ ಕಸಿಯಲು ಆಗದಿದ್ದಾಗ ಕಾಲು ಸರಿಯಾದ ಜಾಗಕ್ಕೆ ಹೋಗುವುದನ್ನು ಕಲಿಯುತ್ತದೆ. ಮಳೆಗಾಲದಲ್ಲಿ ಅಂಗಳ ನೀರು ನಿಂತು ಜಾರುತ್ತದೆ. ಆಗ ಸೂರಿನ ಕೆಳಗೆ, ಚಪ್ಪಲಿ ಬಿಟ್ಟು, ಟೆನಿಸ್ ಚೆಂಡು ಹಿಡಿದು ನಡೆದೇ ಆಡುತ್ತೇವೆ. ವೇಗ ಇಲ್ಲದಾಗ ಯಾರು ಎಲ್ಲಿ ಇರಬೇಕಿತ್ತು ಎಂಬುದು ಇನ್ನೂ ಚೆನ್ನಾಗಿ ಕಾಣುತ್ತದೆ.

ಆಟ ಮುಗಿದ ಮೇಲೆ ಎಲ್ಲರೂ ನೆಲ ನೋಡಲು ಬರುತ್ತಾರೆ. ಮೊದಮೊದಲು ಮೂಲೆಯ ವೃತ್ತಗಳು ಚಕ್ರಕ್ಕೆ ಸಿಕ್ಕಿ ಅಳಿಸಿಹೋಗಿ, ಗೋಲಿನ ಮುಂದಿನ ಗೆರೆಗಳು ಆಗಷ್ಟೇ ಎಳೆದ ಹಾಗೆ ಬೆಳ್ಳಗೆ ಇರುತ್ತಿದ್ದವು. ಕಳೆದ ಮಾರ್ಚಿನ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮಕ್ಕಳು ಬಗ್ಗಿ ಹುಡುಕಿದರೂ ಗೋಲಿನ ಮುಂದೆ ಶೇಡಿಯ ಗುರುತು ಸಿಗಲಿಲ್ಲ. ಎಡ ಮೂಲೆಯ ವೃತ್ತ ಒಂದೆಡೆ ಮಾತ್ರ ಸವೆದಿತ್ತು, ಒಬ್ಬನೇ ಹೋಗಿ ಬಂದಷ್ಟು.